ಹಳೇ ಕ್ಯಾಂಪರ್ ವ್ಯಾನಿಗೆ ಯಾವ ಟೈರು? ಬಟನ್ ಆಮೇಲೆ, ಭಾರ ಮತ್ತು ತಾರೀಖು ಮೊದಲು

ದಿನಾ ಬಾಡಿಗೆಗೆ ಓಡುವ ಟೆಂಪೊ ಟ್ರಾವೆಲರಿನ ಟೈರು ಸವೆದು ಮುಗಿಯುತ್ತದೆ. ಅದೇ ಗಾಡಿ ಕ್ಯಾಂಪರ್ ಆದ ಮೇಲೆ ಟೈರು ನಿಂತಲ್ಲೇ ಮುಗಿಯುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಉಳಿದ ದಿನವೆಲ್ಲ ಮಂಚ, ಗ್ಯಾಸ್ ಸಿಲಿಂಡರ್, ನೀರಿನ ಟ್ಯಾಂಕು, ಬ್ಯಾಟರಿ ಹೊತ್ತುಕೊಂಡು ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬಿಸಿಲು ಕಾಯುತ್ತಿರುತ್ತದೆ. ಬಟನ್, ಅಂದರೆ ನೆಲಕ್ಕೆ ತಾಗುವ ಗೆರೆಗಳಿರುವ ರಬ್ಬರ್, ಮುಕ್ಕಾಲು ಭಾಗ ಹಾಗೇ ಇರುತ್ತದೆ, ಟೈರಿನ ಪಕ್ಕದ ಗೋಡೆಯಾದ ಸೈಡ್‌ವಾಲ್ ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿರುತ್ತದೆ. ಹಾಗಾಗಿ "ಬಟನ್ ದಪ್ಪ ಇರೋದು ಹಾಕ್ಸಿ, ಬಾಳ ಓಡ್ತದೆ" ಅನ್ನುವ ಬಾಡಿಗೆ ಗಾಡಿಯವರ ಸಲಹೆ ಅವರ ಮಟ್ಟಿಗೆ ಸರಿ, ಕ್ಯಾಂಪರಿಗೆ ಅಲ್ಲ. ಇಲ್ಲಿ ದುಡ್ಡು ಹಾಕಬೇಕಾದದ್ದು ಎರಡಕ್ಕೆ: ಹೊರುವ ತಾಕತ್ತಿಗೆ, ಹೊಸ ತಾರೀಖಿಗೆ.

ಈ ಬರಹ 15 ಇಂಚಿನ ಡಿಸ್ಕ್ (ಟೈರು ಕೂರುವ ಕಬ್ಬಿಣದ ಗಾಲಿ) ಇರುವ ಹಳೇ ಟ್ರಾವೆಲರ್ ಮಾದರಿಯ ಗಾಡಿಯನ್ನು ಮುಂದಿಟ್ಟುಕೊಂಡಿದೆ. 16 ಇಂಚಿನ ಗಾಡಿಯಾದರೆ ಅಳತೆ ಬೇರೆ, ಲೆಕ್ಕ ಅದೇ.

ಮೊದಲು ಕಾಟಾ, ಆಮೇಲೆ ಅಂಗಡಿ

ಗಾಡಿಯನ್ನು ಕ್ಯಾಂಪರ್ ಮಾಡಿಸಿದವರಲ್ಲಿ ಎಷ್ಟೋ ಜನಕ್ಕೆ ಈಗ ಅದರ ತೂಕ ಎಷ್ಟು ಅಂತ ಗೊತ್ತಿರುವುದಿಲ್ಲ. ಆರ್‌ಸಿಯಲ್ಲಿರುವುದು ಹಳೇ ಲೆಕ್ಕ. ಪ್ಲೈವುಡ್ಡು, ಅಲ್ಯೂಮಿನಿಯಂ, ಸೋಲಾರ್ ಪ್ಯಾನೆಲ್ಲು, 100 ಲೀಟರ್ ನೀರು ಅಂದರೆ ಅದೊಂದೇ 100 ಕಿಲೋ. ಇದನ್ನೆಲ್ಲ ಅಂದಾಜಿನಲ್ಲಿ ಕೂಡಿಸಿದರೆ ಯಾವಾಗಲೂ ಕಡಿಮೆಯೇ ಬರುತ್ತದೆ.

ದಾವಣಗೆರೆಯಲ್ಲಿ ವೇಬ್ರಿಜ್‌ಗೆ ಬರವಿಲ್ಲ. ಮೆಕ್ಕೆಜೋಳ, ಭತ್ತದ ಲಾರಿಗಳು ತೂಗುವ ಕಾಟಾದಲ್ಲೇ ಕ್ಯಾಂಪರನ್ನೂ ತೂಗಬಹುದು. ಚಳ್ಳಕೆರೆ ಕಡೆಯವರಿಗೆ ಶೇಂಗಾ ಲಾರಿಗಳ ಕಾಟಾ ಇದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಾತ್ರ ಬೆಳಿಗ್ಗೆ ಬೇಗ ಹೋಗಿ, ಇಲ್ಲದಿದ್ದರೆ ಲಾರಿ ಸಾಲಿನಲ್ಲೇ ಮಧ್ಯಾಹ್ನವಾಗುತ್ತದೆ.

ಡೀಸೆಲ್, ನೀರು, ಸಿಲಿಂಡರ್ ತುಂಬಿಸಿ. ಪ್ರವಾಸಕ್ಕೆ ಹೋಗುವಷ್ಟು ಜನ ಒಳಗೆ ಕೂತಿರಲಿ. ಮೊದಲು ಇಡೀ ಗಾಡಿ ತೂಗಿಸಿ. ಆಮೇಲೆ ಮುಂದಿನ ಗಾಲಿ ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ, ಕೊನೆಗೆ ಹಿಂದಿನ ಗಾಲಿ ಮಾತ್ರ. ಪ್ಲಾಟ್‌ಫಾರ್ಮು ಮತ್ತು ಆಚೆಗಿನ ನೆಲ ಒಂದೇ ಮಟ್ಟದಲ್ಲಿರಬೇಕು, ಇಳಿಜಾರಿದ್ದರೆ ಅರ್ಧ ತೂಕ ಸುಳ್ಳು ಹೇಳುತ್ತದೆ. ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್ ಮಾಡಿ. ಹಿಂದೆ ಮುಂದೆ ಕೂಡಿಸಿದಾಗ ಇಡೀ ತೂಕಕ್ಕೆ ಹತ್ತಿರ ಬರಬೇಕು. ಐವತ್ತು ಕಿಲೋ ವ್ಯತ್ಯಾಸ ಬಂದರೆ ಇನ್ನೊಂದು ಸಲ ತೂಗಿಸಿ.

ಒಂದು ಲೆಕ್ಕ ಹಾಕೋಣ. ಒಟ್ಟು 3320 ಕಿಲೋ, ಮುಂದೆ 1340, ಹಿಂದೆ 1980 ಬಂತು ಅಂತಿಟ್ಟುಕೊಳ್ಳಿ. ಹಿಂದೆ ಒಂದೊಂದೇ ಗಾಲಿ ಇದ್ದರೆ ಒಂದರ ಮೇಲೆ 990. ಆದರೆ ಕ್ಯಾಂಪರಿನಲ್ಲಿ ಎಡ ಬಲ ಸಮ ಇರುವುದೇ ಇಲ್ಲ. ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲ ಒಂದೇ ಮಗ್ಗುಲಿಗೆ ಕೂತಿರುತ್ತವೆ. ಭಾರದ ಮಗ್ಗುಲಿಗೆ 1050 ಅಂತ ಹಿಡಿಯುವುದು ಕ್ಷೇಮ. ಈ 1050 ಅನ್ನುವ ಅಂಕಿ ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು.

ಇಷ್ಟಾಗಿ ಒಟ್ಟು ತೂಕ ಆರ್‌ಸಿಯ ಗರಿಷ್ಠ ತೂಕ ದಾಟಿದ್ದರೆ ಟೈರಿನಿಂದ ಅದಕ್ಕೆ ಪರಿಹಾರವಿಲ್ಲ. ದಪ್ಪ ಟೈರು ಹಾಕಿದ ಮಾತ್ರಕ್ಕೆ ಆಕ್ಸಲ್ಲು, ಪಾಟಾ (ಸ್ಪ್ರಿಂಗ್ ಪಟ್ಟಿ), ಬ್ರೇಕು ದಪ್ಪವಾಗುವುದಿಲ್ಲ. ಸಾಮಾನು ಇಳಿಸಿ.

ಸೈಡ್‌ವಾಲ್ ಓದುವುದು

215/75 ಆರ್ 15 ಅಂದರೆ ಅಗಲ 215 ಮಿ.ಮೀ., ಸೈಡ್‌ವಾಲ್ ಎತ್ತರ ಅಗಲದ ಶೇ. 75, ಆರ್ ಅಂದರೆ ರೇಡಿಯಲ್ (ಒಳಗಿನ ನೂಲು ಅಡ್ಡಕ್ಕೆ ನೇರ ಓಡುವ ಟೈರು), ಡಿಸ್ಕ್ 15 ಇಂಚು. ಅದರ ಮುಂದೆ 106/103 ಅನ್ನುವಂಥ ಒಂದು ಜೋಡಿ ಅಂಕಿ ಇರುತ್ತದೆ. ಅದೇ ಲೋಡ್ ಇಂಡೆಕ್ಸ್. ಮೊದಲನೆಯದು ಒಂಟಿ ಗಾಲಿಗೆ, ಎರಡನೆಯದು ಜೋಡಿ ಗಾಲಿಗೆ (ಹಿಂದೆ ಒಂದೊಂದು ಮಗ್ಗುಲಿಗೆ ಎರಡೆರಡು ಟೈರು ಇರುವುದಕ್ಕೆ). 100 ಅಂದರೆ 800 ಕಿಲೋ, 104 ಅಂದರೆ 900, 106ಕ್ಕೆ 950, 108ಕ್ಕೆ 1000, 110ಕ್ಕೆ 1060, 112ಕ್ಕೆ 1120, 116ಕ್ಕೆ 1250. ಅದರ ಪಕ್ಕದ ಅಕ್ಷರ ವೇಗದ ಮಿತಿ: ಎಲ್ ಇದ್ದರೆ 120, ಎನ್ 140, ಕ್ಯೂ 160, ಆರ್ 170. ಹಳೇ ಕ್ಯಾಂಪರ್ ಹೈವೇಯಲ್ಲೂ 80ರ ಆಸುಪಾಸಿನಲ್ಲೇ ಹೋಗುವುದರಿಂದ ಈ ಅಕ್ಷರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪಿಆರ್ ಅಂದರೆ ಪ್ಲೈ ರೇಟಿಂಗ್. 8 ಪಿಆರ್ ಅಂದರೆ ಒಳಗೆ ಎಂಟು ಪದರ ಇದೆ ಅಂತಲ್ಲ, ಹಳೇ ಕಾಲದ ಎಂಟು ಪದರದ ಟೈರಿಗೆ ಸಮನಾದ ಗಟ್ಟಿತನ ಅಂತ. ಒಂದೇ ಅಳತೆಯಲ್ಲಿ 6 ಪಿಆರ್ ಕೂಡ ಬರುತ್ತದೆ, 8 ಪಿಆರ್ ಕೂಡ ಬರುತ್ತದೆ. ಹೊರಗಿಂದ ಎರಡೂ ಅವಳಿ ಮಕ್ಕಳ ಹಾಗಿರುತ್ತವೆ. ದರ ಕೇಳುವಾಗ ಅಳತೆ ಮಾತ್ರ ಹೇಳಿದರೆ ಕಡಿಮೆ ದರದ್ದೇ ಬರುವುದು ಇದರಿಂದಲೇ. ಅಳತೆ, ಪಿಆರ್, ಲೋಡ್ ಇಂಡೆಕ್ಸ್ ಮೂರನ್ನೂ ಒಟ್ಟಿಗೆ ಹೇಳಿ ಕೇಳಿ.

ಇನ್ನೊಂದು ಗುರುತು ಐಎಸ್‌ಐ ಮುದ್ರೆಯ ಜೊತೆಗಿರುವ ಸಂಖ್ಯೆ. ಐಎಸ್ 15636 ಇದ್ದರೆ ವಾಣಿಜ್ಯ ವಾಹನದ ಟೈರು, ಐಎಸ್ 15633 ಇದ್ದರೆ ಕಾರಿನದು. ಕ್ಯಾಂಪರಿಗೆ ಮೊದಲನೆಯದೇ ಬೇಕು. ಅಂಗಡಿಯವರು ಎಷ್ಟೇ ಆಣೆ ಮಾಡಿದರೂ ಟಾರ್ಚ್ ಹಿಡಿದು ಈ ಐದಂಕಿ ಓದಿದರೆ ವಾದ ಮುಗಿಯುತ್ತದೆ.

ಐದು ಆಯ್ಕೆ

ಮೊದಲನೆಯದು, ಗಾಡಿ ಜೊತೆ ಬಂದ ಅಳತೆಯೇ, 8 ಪಿಆರ್ ರೇಡಿಯಲ್. ಹಳೇ ಗಾಡಿಯಲ್ಲಿ 195 ಆರ್ 15 ಇದ್ದರೆ ಬದಲಿಗೆ 215/75 ಆರ್ 15 ಆಗುತ್ತದಾ ಅನ್ನುವುದು ಸಾಮಾನ್ಯ ಪ್ರಶ್ನೆ. ಎತ್ತರದ ಲೆಕ್ಕದಲ್ಲಿ ಆಗುತ್ತದೆ. ಪಕ್ಕದಲ್ಲಿ ಶೇಕಡಾ ಅಂಕಿ ಇಲ್ಲದ 195ಕ್ಕೆ ಸೈಡ್‌ವಾಲ್ ಎತ್ತರ ಅಗಲದ ಶೇ. 82ರಷ್ಟು, ಹಾಗಾಗಿ ಒಟ್ಟು ವ್ಯಾಸ ಸುಮಾರು 701 ಮಿ.ಮೀ. 215/75ಕ್ಕೆ 703. ಸ್ಪೀಡೋಮೀಟರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಹಿಂದೆ ಜೋಡಿ ಗಾಲಿ ಇದ್ದರೆ 20 ಮಿ.ಮೀ. ಅಗಲ ಹೆಚ್ಚಾಗಿದ್ದು ಎರಡು ಟೈರಿನ ನಡುವಿನ ಸಂದಿನಲ್ಲೇ ಕಳೆಯುತ್ತದೆ. ಭಾರ ಬಿದ್ದಾಗ ಕೆಳಗಡೆ ಎರಡೂ ಉಬ್ಬಿ ಒಂದಕ್ಕೊಂದು ಮುತ್ತಿಡುತ್ತವೆ, ಸೈಡ್‌ವಾಲ್ ಉಜ್ಜಿ ಬಿಸಿಯಾಗಿ ಹೋಗುತ್ತದೆ. ಜೋಡಿ ಗಾಲಿಯವರು ಹಳೇ ಅಳತೆ ಬಿಟ್ಟು ಅಲ್ಲಾಡಬೇಡಿ. ಬೇಕಾಗಿಯೂ ಇಲ್ಲ: ಮೇಲಿನ 1980 ಕಿಲೋ ನಾಲ್ಕು ಟೈರಿಗೆ ಹಂಚಿದರೆ ಒಂದಕ್ಕೆ 495 ಮಾತ್ರ, ತಾಕತ್ತು ಬೇಕಾದಷ್ಟು ಉಳಿಯುತ್ತದೆ. ಒಂಟಿ ಗಾಲಿಯವರಿಗೆ ಮಾತ್ರ ತೊಡಕು. 8 ಪಿಆರ್‌ನ 106 ಹೊರುವುದು 950, ನಮಗೆ ಬೇಕಿರುವುದು 1050.

ಎರಡನೆಯದು, 225/70 ಆರ್ 15 ಸಿ, ಲೋಡ್ ಇಂಡೆಕ್ಸ್ 112/110. ಕೊನೆಯ ಸಿ ಅಕ್ಷರವೇ ಮುಖ್ಯ, ಅದು ಸರಕು ವ್ಯಾನಿನ ಟೈರು ಅನ್ನುವ ಗುರುತು. ವ್ಯಾಸ 696 ಮಿ.ಮೀ., ಹಳೆಯದಕ್ಕಿಂತ ಶೇ. 1ರಷ್ಟು ಕಡಿಮೆ. ಹೊರುವುದು 1120. ಭಾರದ ಒಂಟಿ ಗಾಲಿ ಕ್ಯಾಂಪರಿಗೆ ತಾಂತ್ರಿಕವಾಗಿ ಇದೇ ಸರಿಯಾದ ಉತ್ತರ ಅನ್ನುವುದು ನಮ್ಮ ತೀರ್ಮಾನ. ಆದರೆ ಮೂರು ಗಂಟು ಬಿಚ್ಚಬೇಕು. ಡಿಸ್ಕಿನ ಅಗಲ 6 ಇಂಚಾದರೂ ಇರಬೇಕು. ಡಿಸ್ಕಿನ ಮೇಲೆ 5.5 ಜೆ ಅಂತ ಒತ್ತಿದ್ದರೆ ಈ ಟೈರು ಅದಕ್ಕಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಡೆ ತಾಗಬಾರದು. ಮೂರನೆಯದು ಕಾಗದದ ಕೆಲಸ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಮಾರ್ಪಾಡಿಗೆ ತಡೆ ಹಾಕುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಆ ಮಾದರಿಗೆ ಒಪ್ಪಿದ ಅಳತೆ ಯಾವುವು ಅಂತ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಎಫ್‌ಸಿಗೂ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೂ) ಬೇಕಾಗುತ್ತದೆ, ಇನ್ಶೂರೆನ್ಸಿಗೂ ಬೇಕಾಗುತ್ತದೆ. ಈ ಅಳತೆ ಅಂಗಡಿಯಲ್ಲಿ ಕೈಗೆ ಸಿಗದೆ ತರಿಸಬೇಕಾಗಿ ಬಂದರೆ ಐದನ್ನೂ ಒಟ್ಟಿಗೇ ತರಿಸಿ. ದಾರಿಯಲ್ಲಿ ಒಂದು ಹೋದರೆ ಹುಡುಕುತ್ತಾ ಎರಡು ದಿನ ಕೂರಬೇಕಾದೀತು.

ಮೂರನೆಯದು ಜೀಪು, ಎಸ್‌ಯುವಿಯ 235/75 ಆರ್ 15. ನೋಡಲು ಚೆಂದ, ಎಲ್ಲ ಕಡೆ ಸಿಗುತ್ತದೆ, ಅದಕ್ಕೇ ಹಾಕಿಸುವವರು ಬಹಳ. ಇದರಲ್ಲಿ ಎರಡು ತಪ್ಪಿದೆ. ವ್ಯಾಸ 733 ಮಿ.ಮೀ., ಅಂದರೆ ಶೇ. 4ರಷ್ಟು ಎತ್ತರ: ಮೀಟರ್ 80 ತೋರಿಸುವಾಗ ಗಾಡಿ 83ರಲ್ಲಿರುತ್ತದೆ, ಮೊದಲೇ ಏದುಸಿರು ಬಿಡುವ ಹಳೇ ಡೀಸೆಲ್ ಇಂಜಿನ್ನಿಗೆ ಗೇರು ಇನ್ನಷ್ಟು ಭಾರವಾಗುತ್ತದೆ. ಎರಡನೆಯದು, ಇದರ ಸೈಡ್‌ವಾಲ್ ಮೆತ್ತಗೆ. ಎತ್ತರದ ಕ್ಯಾಂಪರ್ ಚಿತ್ರದುರ್ಗ ದಾಟುವಾಗ ಗಾಳಿ ಪಕ್ಕದಿಂದ ಬೀಸಿದರೆ, ಅಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ, ಗಾಡಿ ತೊಟ್ಟಿಲ ಹಾಗೆ ತೂಗುತ್ತದೆ. ಬೇಡ.

ನಾಲ್ಕನೆಯದು ನೈಲಾನ್, ಅಂದರೆ ಒಳಗಿನ ನೂಲಿನ ಪದರಗಳು ಓರೆಯಾಗಿರುವ ಹಳೇ ರೀತಿಯ ಟೈರು. 16 ಇಂಚಿನ 7.00 ಅಳತೆಯ ಗಾಡಿಯವರಿಗೆ ಈ ಪ್ರಶ್ನೆ ಹೆಚ್ಚು. ದರ ಕಡಿಮೆ, ಸೈಡ್‌ವಾಲ್ ಗಟ್ಟಿ, ಕಲ್ಲಿನ ಪೆಟ್ಟು ತಡೆಯುತ್ತದೆ. ಬೆಟ್ಟದ ಬುಡದ ಕಲ್ಲು ದಾರಿಗೆ ಇದನ್ನು ಹೊಗಳುವವರಿದ್ದಾರೆ. ಆದರೆ ಹೈವೇಯಲ್ಲಿ ಬೇಗ ಬಿಸಿಯಾಗುತ್ತದೆ, ಮತ್ತೆ ವಾರಗಟ್ಟಲೆ ನಿಂತರೆ ಕೆಳಗಿನ ಭಾಗ ಚಪ್ಪಟೆಯಾಗಿ ಕೂರುತ್ತದೆ. ಹೊರಟ ಮೊದಲ ಹತ್ತು ಕಿಲೋಮೀಟರ್ ಎತ್ತಿನ ಗಾಡಿಯೇ. ನಿಲ್ಲುವುದೇ ಕಸುಬಾದ ಗಾಡಿಗೆ ರೇಡಿಯಲ್ಲೇ ಮೇಲು. ಎರಡನ್ನೂ ಒಂದೇ ಆಕ್ಸಲ್ಲಿನಲ್ಲಿ ಮಾತ್ರ ಯಾವ ಕಾರಣಕ್ಕೂ ಬೆರೆಸಬೇಡಿ.

ಐದನೆಯದು ರೀಸೋಲ್ (ಸವೆದ ಟೈರಿಗೆ ಹೊಸ ಬಟನ್ ಕೂರಿಸಿದ್ದು) ಮತ್ತು ಸೆಕೆಂಡ್ ಹ್ಯಾಂಡ್. ಲಾರಿಯ ಹಿಂದಿನ ಗಾಲಿಗೆ ರೀಸೋಲ್ ಒಳ್ಳೆಯ ಉಳಿತಾಯ. ಕ್ಯಾಂಪರಿಗೆ ಅರ್ಥವಿಲ್ಲ: ರೀಸೋಲ್ ಕೊಡುವುದು ಹೊಸ ಬಟನ್, ನಮ್ಮಲ್ಲಿ ಹಾಳಾಗುವುದು ಹಳೇ ಕೇಸಿಂಗ್, ಅಂದರೆ ಬಟನ್ ಕೆಳಗಿನ ಟೈರಿನ ಮೈ.

ಯುರೋಪಿನಲ್ಲಿ ಕ್ಯಾಂಪರಿಗೆಂದೇ ಸಿಪಿ ಅನ್ನುವ ಗುರುತಿನ ಟೈರುಗಳಿವೆ. ಸದಾ ಭಾರ ಹೊತ್ತು ನಿಲ್ಲುವ ಗಾಡಿಗೆ ಅಂತಲೇ ಅವುಗಳ ಕೇಸಿಂಗ್ ಗಟ್ಟಿ ಮಾಡಿರುತ್ತಾರೆ. ದಾವಣಗೆರೆಯಲ್ಲಿ ಅದನ್ನು ಹುಡುಕುತ್ತಾ ಕೂರಬೇಡಿ. ಬೇಕಾದ್ದಕ್ಕಿಂತ ಒಂದೆರಡು ಮೆಟ್ಟಿಲು ಮೇಲಿನ ಲೋಡ್ ಇಂಡೆಕ್ಸ್ ತೆಗೆದುಕೊಂಡರೆ ಅದೇ ಕೆಲಸ ಬಹುಮಟ್ಟಿಗೆ ಆಗುತ್ತದೆ.

ತಾರೀಖು

ಸೈಡ್‌ವಾಲಿನ ಮೇಲೆ ಒಂದು ಉದ್ದನೆಯ ಗೂಡಿನೊಳಗೆ ನಾಲ್ಕಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಈ ಗೂಡು ಒಂದೇ ಮಗ್ಗುಲಿಗೆ ಇರಬಹುದು, ಹಾಗಾಗಿ ಗಾಡಿಗೆ ಹಾಕಿದ ಟೈರಿನಲ್ಲಿ ಕಾಣದಿದ್ದರೆ ಕೆಳಗೆ ಮಲಗಿ ಒಳಮಗ್ಗುಲು ನೋಡಬೇಕು. ಹೊಸದು ಕೊಳ್ಳುವಾಗ ಆರು ತಿಂಗಳೊಳಗಿನದು ಕೇಳಿ. ಒಂದು ವರ್ಷದವರೆಗೆ ಒಪ್ಪಬಹುದು, ಅದಕ್ಕಿಂತ ಹಳೆಯದಾದರೆ ವಾಪಸ್ ಇಡಿಸಿ. "ಅಣ್ಣಾ, ಗೋಡೌನಿನಲ್ಲಿ ನೆರಳಲ್ಲೇ ಇತ್ತು" ಅನ್ನುತ್ತಾರೆ. ಇದ್ದಿರಬಹುದು. ಐದಕ್ಕೂ ಒಂದೇ ತಾರೀಖು ಸಿಗುವುದು ಕಷ್ಟ, ಒಂದೇ ಆಕ್ಸಲ್ಲಿನ ಎರಡಾದರೂ ಹತ್ತಿರವಿರಲಿ.

ಹಳೇ ಟೈರು ಯಾವಾಗ ಬಿಚ್ಚಬೇಕು? ಕಾನೂನಿನ ಲೆಕ್ಕದಲ್ಲಿ ಬಟನ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾದಾಗ, ಸಂದಿನ ನಡುವೆ ಇರುವ ಚಿಕ್ಕ ದಿಬ್ಬ ಬಟನ್ ಮಟ್ಟಕ್ಕೆ ಬಂದರೆ ಅಷ್ಟಾಯಿತು ಅಂತ. ಕ್ಯಾಂಪರಿನಲ್ಲಿ ಆ ದಿನ ಬರುವುದೇ ಇಲ್ಲ. ಐದು ವರ್ಷವಾದ ಮೇಲೆ ಪ್ರತಿ ವರ್ಷ ಗಾಲಿ ಬಿಚ್ಚಿಸಿ ಒಳಮಗ್ಗುಲು ನೋಡಿಸಿ. ಟೈರು ಕಂಪನಿಗಳು ಹೇಳುವ ಕೊನೆಯ ಗಡುವು ಹತ್ತು ವರ್ಷ. ನಮ್ಮ ಬಯಲುಸೀಮೆಯ ಬಿಸಿಲಿಗೆ, ಭಾರ ಹೊತ್ತು ನಿಂತ ಟೈರಿಗೆ, ಏಳು ವರ್ಷವಾದರೆ ಸಾಕು ಅನ್ನುತ್ತೇವೆ.

ನೋಡುವುದು ಹೇಗೆ: ಸೈಡ್‌ವಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿರುಕು ಬಾಯಿ ಬಿಡುತ್ತದಾ ನೋಡಿ. ಮೇಲಿನ ಕೂದಲೆಳೆ ಬಿರುಕು ಬಿಸಿಲಿನದು, ಅದಕ್ಕೆ ಗಾಬರಿ ಬೇಡ. ಡಿಸ್ಕಿನ ಅಂಚಿಗೆ ಹತ್ತಿರ, ಸುತ್ತಲೂ ಗೆರೆ ಎಳೆದ ಹಾಗೆ ಬಂದ ಬಿರುಕು ಭಾರದ್ದು. ಉಗುರು ಒಳಗೆ ಹೋಗುವಷ್ಟಿದ್ದರೆ, ಇಲ್ಲವೇ ಎಲ್ಲಾದರೂ ನಿಂಬೆಹಣ್ಣಿನಷ್ಟು ಉಬ್ಬಿದ್ದರೆ, ಆ ಟೈರಿನಲ್ಲಿ ಪ್ರವಾಸ ಹೊರಡಬಾರದು. ಟೈರಿಗೆ ಕಪ್ಪು ಶೈನಿಂಗ್ ಎಣ್ಣೆ ಹಚ್ಚಿದ್ದರೆ ಮೊದಲು ಸೋಪು ನೀರಿನಲ್ಲಿ ತೊಳೆದು ಆಮೇಲೆ ನೋಡಿ, ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರು ಅದನ್ನು ಹಚ್ಚುವುದೇ ಬಿರುಕು ಮುಚ್ಚಲು.

ಟ್ಯೂಬು, ವಾಲ್ವು, ಡಿಸ್ಕು

ಹಿರಿಯೂರು, ಚಳ್ಳಕೆರೆ ಕಡೆ ರಸ್ತೆ ಬಿಟ್ಟು ಇಳಿದರೆ ಬಳ್ಳಾರಿ ಜಾಲಿ. ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆ ಗಾಡಿ ನಿಲ್ಲಿಸುವ ಆಸೆ ಇದ್ದವರು ಮುಳ್ಳಿನ ಲೆಕ್ಕ ಹಾಕಿಕೊಂಡೇ ಟೈರು ಆರಿಸಬೇಕು. ಟ್ಯೂಬ್ ಟೈರಿಗೆ ಮುಳ್ಳು ಚುಚ್ಚಿದರೆ ಗಾಳಿ ವಾಲ್ವಿನ ಸುತ್ತ ಬಳಬಳನೆ ಹೋಗುತ್ತದೆ. ಟ್ಯೂಬ್‌ಲೆಸ್ಸಿನಲ್ಲಿ ಮುಳ್ಳೇ ಬಿರಡೆಯಾಗಿ ಕೂತಿರುತ್ತದೆ. ಎರಡು ದಿನಕ್ಕೆ ಐದು ಪಿಎಸ್‌ಐ ಇಳಿಯಬಹುದು, ಅಷ್ಟರಲ್ಲಿ ಊರು ಸೇರಬಹುದು.

ಹಾಗಂತ ಹಳೇ ಡಿಸ್ಕಿಗೆ ಟ್ಯೂಬ್ ತೆಗೆದು ಟ್ಯೂಬ್‌ಲೆಸ್ ಏರಿಸುವುದಲ್ಲ. ಟೈರಿನ ಬಾಯಿ ಜಾರದಂತೆ ಡಿಸ್ಕಿನ ಒಳಗೆ ಒಂದು ಏರು ಇರಬೇಕು, ಟ್ಯೂಬಿಗೆಂದೇ ಮಾಡಿದ ಡಿಸ್ಕಿನಲ್ಲಿ ಅದು ಇಲ್ಲದಿರಬಹುದು. ಅಂಚು ತುಕ್ಕು ಹಿಡಿದು ಹೆಕ್ಕಳಿಕೆ ಎದ್ದಿದ್ದರೆ ಗಾಳಿ ನಿಲ್ಲುವುದಿಲ್ಲ. ವೈರ್ ಬ್ರಶ್ ಹಾಕಿ, ಪ್ರೈಮರ್ ಹೊಡೆದು, ಪೂರ್ತಿ ಒಣಗಿಸಿ ಆಮೇಲೆ ಟೈರು. ರಿಂಗ್ ಹಾಕಿ ಕೂರಿಸುವ 16 ಇಂಚಿನ ಡಿಸ್ಕಾದರೆ ಟ್ಯೂಬೇ ಗತಿ. ಆ ರಿಂಗಿಗೆ ಗಾಳಿ ಹಾಕುವಾಗ ಮಾತ್ರ ಎದುರಿಗೆ ಯಾರೂ ನಿಲ್ಲಬಾರದು. ರಿಂಗ್ ಹಾರಿದರೆ ಜೀವ ಹೋಗುತ್ತದೆ.

ಟ್ಯೂಬ್ ಟೈರೇ ಹಾಕಿಸುವುದಾದರೆ ಹೊಸ ಟೈರಿಗೆ ಹೊಸ ಟ್ಯೂಬು, 16 ಇಂಚಿಗೆ ಹೊಸ ಫ್ಲ್ಯಾಪು (ಟ್ಯೂಬಿಗೂ ಡಿಸ್ಕಿಗೂ ನಡುವಿನ ರಬ್ಬರ್ ಪಟ್ಟಿ). ಹಳೇ ಟ್ಯೂಬು ಎಳೆದುಕೊಂಡು ದೊಡ್ಡದಾಗಿರುತ್ತದೆ, ಒಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತದೆ.

ಟ್ಯೂಬ್‌ಲೆಸ್ ಹಾಕಿಸುವವರು ವಾಲ್ವ್ ಕಡೆ ಗಮನ ಕೊಡಿ. ಕಾರಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. ಬೆಳಿಗ್ಗೆ 62 ಹಾಕಿಸಿದ್ದು ಏಪ್ರಿಲ್ ಮಧ್ಯಾಹ್ನದ ರಸ್ತೆಯಲ್ಲಿ 65 ದಾಟುತ್ತದೆ. ಡಿಸ್ಕಿನ ರಂಧ್ರದ ಅಳತೆ ನೋಡಿ, ನಟ್ಟು ಹಾಕಿ ಬಿಗಿಯುವ ಲೋಹದ ವಾಲ್ವ್ ಕೇಳಿ ಹಾಕಿಸಿ. ಇಡೀ ಖರ್ಚಿನಲ್ಲಿ ಇದು ಚಿಲ್ಲರೆ.

ಬಟನ್ ಬಗ್ಗೆ ನಾಲ್ಕು ಮಾತು

ದಾವಣಗೆರೆಯಿಂದ ಬೆಂಗಳೂರು, ಹುಬ್ಬಳ್ಳಿ ಕಡೆ ಎನ್‌ಎಚ್ 48, ಚಿತ್ರದುರ್ಗದಿಂದ ಹೊಸಪೇಟೆ ಕಡೆ ಎನ್‌ಎಚ್ 50. ಓಡುವುದೆಲ್ಲ ಒಳ್ಳೆಯ ರಸ್ತೆಯಲ್ಲೇ, ಹಾಗಾಗಿ ಉದ್ದ ಗೆರೆಯ ರಿಬ್ ಬಟನ್ ಸಾಕು. ಶಿವಮೊಗ್ಗ ದಾಟಿ ಆಗುಂಬೆಯ 14 ತಿರುವು ಮಳೆಗಾಲದಲ್ಲಿ ಇಳಿಯುವವರಾದರೆ ಅಡ್ಡ ಸೀಳು ಹೆಚ್ಚಿರುವ ಬಟನ್ ನೋಡಿ, ನೀರು ಹೊರಗೆ ಹೋಗಬೇಕು. ದಪ್ಪ ಲಗ್ ಬಟನ್ ಹೈವೇಯಲ್ಲಿ ಗುಂಯ್ ಅನ್ನುತ್ತದೆ. ಇನ್ನು ಎರೆ ಹೊಲದ ಅಂಚಿನಲ್ಲಿ ನಿಲ್ಲಿಸಿ ರಾತ್ರಿ ಮಳೆ ಬಂದರೆ ಯಾವ ಬಟನ್ನೂ ಕೈ ಹಿಡಿಯುವುದಿಲ್ಲ. ಎರಡು ಸುತ್ತಿಗೆ ಎಲ್ಲ ಸಂದೂ ಮೆತ್ತಿ ನುಣ್ಣಗಾಗಿರುತ್ತದೆ. ಅಲ್ಲಿ ಟ್ರ್ಯಾಕ್ಟರೇ ಗತಿ.

ಹಾಕಿಸುವ ದಿನ

ಗಾಳಿ ಲೆಕ್ಕವೇ ಇಲ್ಲಿ ಮುಖ್ಯ. ಲೋಡ್ ಇಂಡೆಕ್ಸ್ ಹೇಳುವ ಭಾರ ಪೂರ್ತಿ ಗಾಳಿ ಇದ್ದಾಗ ಮಾತ್ರ. 65 ಪಿಎಸ್‌ಐನಲ್ಲಿ 1120 ಹೊರುವ ಟೈರು 45ರಲ್ಲಿ ಹೊರುವುದು ಸುಮಾರು 830 ಕಿಲೋ. ದುಬಾರಿ ಟೈರು ಹಾಕಿಸಿ ಕಾರಿನ ಅಭ್ಯಾಸದಲ್ಲಿ 40 ಹೊಡೆಸಿದರೆ ಹಳೇ ಟೈರೇ ವಾಸಿಯಿತ್ತು. ಹಳೇ ಅಳತೆಯೇ ಹಾಕಿದ್ದರೆ ಗಾಡಿಯ ಪ್ಲೇಟಿನಲ್ಲಿ ಇರುವಷ್ಟು. ಮೇಲಿನ ಉದಾಹರಣೆಯ ಗಾಡಿಗೆ 225/70 ಹಾಕಿದ್ದರೆ ಹಿಂದೆ 62, ಮುಂದೆ 42ರ ಹತ್ತಿರ. ಬೆಳಿಗ್ಗೆ ಓಡುವ ಮುಂಚೆ ಅಳೆಯಬೇಕು. 60 ಇರುವ ಟೈರು 10 ಡಿಗ್ರಿ ಬಿಸಿಯಾದರೆ ಎರಡೂವರೆ ಪಿಎಸ್‌ಐ ತಾನೇ ಏರುತ್ತದೆ. ಮಧ್ಯಾಹ್ನ ಹೆಚ್ಚಾಗಿದೆ ಅಂತ ಪಂಪಿನಲ್ಲಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಒಂದು ಸ್ವಂತ ಗೇಜ್ ಇಟ್ಟುಕೊಳ್ಳಿ, 100 ಪಿಎಸ್‌ಐವರೆಗೆ ತೋರಿಸುವುದು.

ದುಡ್ಡು ಎರಡಕ್ಕೇ ಇದ್ದರೆ ಹೊಸವು ಹಿಂದಿನ ಆಕ್ಸಲ್ಲಿಗೆ. ಜೋಡಿ ಗಾಲಿಯಲ್ಲಿ ಒಂದು ಹೊಸದು ಒಂದು ಹಳೆಯದು ಹಾಕಿದರೆ ಎತ್ತರದ್ದೇ ಎಲ್ಲ ಭಾರ ಹೊರುತ್ತದೆ, ವ್ಯಾಸದ ವ್ಯತ್ಯಾಸ 6 ಮಿ.ಮೀ. ದಾಟಬಾರದು. ಒಳಗಿನ ಟೈರಿಗೆ ಗಾಳಿ ಹಾಕಲು ಉದ್ದ ವಾಲ್ವ್ ಹಾಕಿಸಿ, ಇಲ್ಲದಿದ್ದರೆ ಅದನ್ನು ಯಾರೂ ಚೆಕ್ ಮಾಡುವುದಿಲ್ಲ. ಕಲ್ಲು ದಾರಿ ಇಳಿದು ಬಂದ ಮೇಲೆ ಜೋಡಿ ಸಂದಿನಲ್ಲಿ ಕಲ್ಲು ಸಿಕ್ಕಿದೆಯಾ ನೋಡಿ ತೆಗೆಯಿರಿ.

ನಟ್ಟುಗಳನ್ನು ಎದುರು ಬದುರು ಬಿಗಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ. ದಾವಣಗೆರೆಯಲ್ಲಿ ಹಾಕಿಸಿದರೆ ಚಿತ್ರದುರ್ಗದಲ್ಲಿ ಟೀ ಕುಡಿಯುವ ಹೊತ್ತಿಗೆ ಸರಿಹೋಗುತ್ತದೆ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿ, ಅದಿಲ್ಲದಿದ್ದರೆ ವಾರಂಟಿ ಕೇಳಲು ಬಾಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೇ ದರಪಟ್ಟಿ ತೋರಿಸಿದರೆ ಅದನ್ನೂ ಕೇಳಿ.

ವಾಪಸ್ ಬಂದು ನಿಲ್ಲಿಸುವಾಗ ನೀರಿನ ಟ್ಯಾಂಕು ಖಾಲಿ ಮಾಡಿ. ಗಾಲಿಯ ಅಡಿಗೆ ಹಲಗೆ ಹಾಕಿ, ಬಿಸಿಲು ಬೀಳುವ ಮಗ್ಗುಲಿಗೆ ಗೋಣಿತಾಟು ಇಳಿಬಿಡಿ. ತಿಂಗಳಿಗೊಮ್ಮೆ ಗಾಡಿಯನ್ನು ಕಾಲು ಸುತ್ತಿನಷ್ಟಾದರೂ ಮುಂದೆ ಹಿಂದೆ ಸರಿಸಿ. ಹಾಗೆಯೇ ಕೆಳಗೆ ನೇತಾಡುವ ಸ್ಟೆಪ್ನಿಯ ತಾರೀಖನ್ನೂ ಒಮ್ಮೆ ಓದಿ. ಗಾಡಿ ಕೊಂಡಾಗಿನದೇ ಇದ್ದರೆ, ಒಂದು ಸಲವೂ ನೆಲ ಮುಟ್ಟದಿದ್ದರೂ, ಅದಕ್ಕೂ ಗಾಡಿಯಷ್ಟೇ ವಯಸ್ಸಾಗಿದೆ.